ದೊಡ್ಡಳಿಯನ ಎರಡು ಪೆಡಲು

ಭಗವಂತ ಮನುಷ್ಯನಿಗೆ ಎರಡು ಕಿವಿ ಕೊಟ್ಟದ್ದು ಒಂದರಲ್ಲಿ ತನ್ನ ತಪ್ಪು ಕೇಳಿಸಲಿ, ಇನ್ನೊಂದರಲ್ಲಿ ಪರರ ಒಳ್ಳೆಯದು ಕೇಳಿಸಲಿ ಎಂದು. ಆದರೆ ಹೊಟ್ಟೆಕಿಚ್ಚು ಹತ್ತಿದವನಿಗೆ ಎರಡೂ ಕಿವಿ ಒಂದೇ ಕಡೆ ತಿರುಗಿಬಿಡುತ್ತವೆ. ನಮ್ಮ ದೊಡ್ಡಳಿಯನ ಕಿವಿಗಳು ಎರಡು ವರ್ಷದಿಂದ ಚಿಕ್ಕಳಿಯನ ಮನೆಯ ಕಡೆಗೇ ತಿರುಗಿಕೊಂಡಿದ್ದವು.

ಇವರಿಬ್ಬರೂ ಒಬ್ಬಳೇ ಅತ್ತೆಯ ಅಳಿಯಂದಿರು. ದೊಡ್ಡಳಿಯ ಅಕ್ಕನ ಗಂಡ, ಚಿಕ್ಕಳಿಯ ತಂಗಿಯ ಗಂಡ. ಷಡ್ಡಕರ ನಡುವೆ ಪ್ರೀತಿ ಇರಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಕ್ಕಿಲ್ಲ.

ದೊಡ್ಡಳಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವವನು. ವಾರದ ಆರು ದಿನ ಗಾಜು, ಏಳನೆಯ ದಿನ ಬಾಸ್ ಗಿಟಾರ್. ನಾಲ್ಕೇ ದಪ್ಪ ತಂತಿಗಳ ಆ ವಾದ್ಯದ ದನಿ ಹಾಡಿನ ಅಡಿಯಲ್ಲಿ ಅಡಿಪಾಯದ ಕಲ್ಲಿನಂತೆ ಇರುತ್ತದೆ. ಇದ್ದರೆ ಯಾರೂ ನೋಡುವುದಿಲ್ಲ, ಇಲ್ಲದಿದ್ದರೆ ಗೋಡೆ ವಾಲುತ್ತದೆ. ಊರಿನ ಹಲ್ಲಿನ ಡಾಕ್ಟರು ಡ್ರಮ್ ಬಾರಿಸುತ್ತಿದ್ದರು, ಅವರ ನರ್ಸು ಹಾಡುತ್ತಿದ್ದಳು, ದೊಡ್ಡಳಿಯ ಬಾಸ್ ನುಡಿಸುತ್ತಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ಆಸ್ಪತ್ರೆಯ ಹೊರಕೋಣೆಯಲ್ಲಿ, ರೋಗಿಗಳು ಕಾಯುವ ಕುರ್ಚಿಗಳನ್ನು ಗೋಡೆಗೆ ಸರಿಸಿ ಅಭ್ಯಾಸ. ಹನ್ನೊಂದು ವರ್ಷದಿಂದ ಮೀನಿನ ತೊಟ್ಟಿಯ ಪಕ್ಕದ ಸ್ಟೂಲು ದೊಡ್ಡಳಿಯನದೇ. ಅದರ ಮೇಲೆ ಬೇರೆ ಯಾರೂ ಕೂತದ್ದಿಲ್ಲ. ಕೂರಬೇಕೆಂದು ಯಾರಿಗೂ ಅನಿಸಿರಲಿಲ್ಲ ಎನ್ನುವುದನ್ನು ಅವನು ಗೌರವ ಎಂದು ತಿಳಿದಿದ್ದ.

ಚಿಕ್ಕಳಿಯ ಲಿಫ್ಟ್ ರಿಪೇರಿ ಮಾಡುವವನು. ಎರಡು ವರ್ಷದ ಕೆಳಗೆ ಅವನೂ ಒಂದು ಬಾಸ್ ಗಿಟಾರ್ ಕೊಂಡ. ಅಣ್ಣನನ್ನು ನೋಡಿಯೇ ಆಸೆಯಾಯಿತು ಎಂದ. ಅದನ್ನು ಕೇಳಿ ದೊಡ್ಡಳಿಯನ ಎದೆ ಒಂದು ವಾರ ಉಬ್ಬಿತ್ತು. ಆಮೇಲೆ ಚಿಕ್ಕಳಿಯ ನುಡಿಸುವುದನ್ನು ಕೇಳಿದ. ಉಬ್ಬಿದ್ದು ಇಳಿಯಿತು.

ಅತ್ತೆಗೆ ಎಂಬತ್ತು ತುಂಬಿದ ದಿನ ಮಧ್ಯಾಹ್ನ ಚಿಕ್ಕಳಿಯನ ಮನೆಯಲ್ಲಿ ಊಟ. ಅತ್ತೆ ಅಲ್ಲೇ ಇರುವುದು. ಅವಳ ಹಲ್ಲಿನ ಸೆಟ್ಟು ಮಾಡಿಕೊಟ್ಟ ಡಾಕ್ಟರನ್ನೂ ಕರೆದಿದ್ದರು. ಊಟವಾದ ಮೇಲೆ ಇಬ್ಬರು ಅಳಿಯಂದಿರೂ ಒಬ್ಬರ ನಂತರ ಒಬ್ಬರು ನುಡಿಸಿದರು. ಅತ್ತೆ ಕಣ್ಣೊರೆಸಿಕೊಂಡು ಹೇಳಿದಳು:

"ಚಿಕ್ಕ ಅಳಿಯಂದ್ರು ಬಾರಿಸಿದ್ರೆ ಎದೆಯೊಳಗೆ ಯಾರೋ ಕಂಬಳಿ ಹೊದಿಸಿದ ಹಾಗಿರುತ್ತಪ್ಪ."

ದೊಡ್ಡಳಿಯ ಕಾದ. 

"ನಾನು ಬಾರಿಸಿದ್ರೆ, ಅತ್ತೆ?"

ಅತ್ತೆ ಧರ್ಮಸಂಕಟದಲ್ಲಿ ಹಲ್ಲಿನ ಸೆಟ್ಟನ್ನು ಒಮ್ಮೆ ನಾಲಗೆಯಿಂದ ಸರಿಮಾಡಿಕೊಂಡಳು. "ನೀವೂ ಬಾರಿಸ್ತೀರಿ."

ಪಕ್ಕದಲ್ಲೇ ಇದ್ದ ಡಾಕ್ಟರು ಇದನ್ನು ಕೇಳಿಸಿಕೊಂಡರು. ಮುಂದಿನ ತಿಂಗಳು ಪುರಭವನದಲ್ಲಿ ಅವರ ತಂಡದ ಕಾರ್ಯಕ್ರಮವಿತ್ತು, ಹನ್ನೊಂದು ವರ್ಷದಲ್ಲಿ ಮೊದಲನೆಯದು. "ಒಂದು ಕೆಲಸ ಮಾಡೋಣ," ಎಂದರು. "ಬರೋ ಭಾನುವಾರ ಇಬ್ಬರೂ ಬನ್ನಿ. ಒಂದೇ ಹಾಡು ಇಬ್ಬರೂ ಬಾರಿಸಿ. ಯಾರದು ಕಿವಿಗೆ ಹಿತವೋ ಅವರು ಪುರಭವನದಲ್ಲಿ ಕೂರಲಿ. ಬೇಜಾರಿಲ್ಲ ತಾನೆ?"

"ನನಗ್ಯಾಕೆ ಬೇಜಾರು," ಎಂದ ದೊಡ್ಡಳಿಯ, ಕೈಯಲ್ಲಿದ್ದ ಪಾಯಸದ ಚಮಚವನ್ನು ಬಗ್ಗಿಸುತ್ತ.

ಚಿಕ್ಕಳಿಯನ ದನಿಯ ಗುಟ್ಟು ಅವನ ಕಾಲಬಳಿ ಇರುವ ಎರಡು ಪೆಟ್ಟಿಗೆಗಳಲ್ಲಿ ಇದೆ ಎಂದು ದೊಡ್ಡಳಿಯನಿಗೆ ಗೊತ್ತಿತ್ತು. ಅವುಗಳಿಗೆ ಪೆಡಲು ಎನ್ನುತ್ತಾರೆ, ಪಾದದಿಂದ ಒತ್ತುವುದು. ಒಂದು ಕಂಪ್ರೆಸರ್. ಅದು ಜೋರಾದ ದನಿಯನ್ನು ತಗ್ಗಿಸಿ, ಮೆಲ್ಲನೆಯದನ್ನು ಎತ್ತಿ, ಎಲ್ಲವನ್ನೂ ಇಸ್ತ್ರಿ ಹೊಡೆದ ಬಟ್ಟೆಯಂತೆ ಸಮ ಮಾಡುತ್ತದೆ. ಇನ್ನೊಂದು ಫಜ್. ಅದು ನಯವಾದ ದನಿಯನ್ನು ಗೋಣಿತಟ್ಟು ಹರಿದಂತೆ ಒರಟು ಮಾಡುತ್ತದೆ. ಒಂದು ತಂತಿಯಲ್ಲಿ ಎರಡನ್ನೂ ಸಾಲಾಗಿ ಜೋಡಿಸಬೇಕು. ಇಸ್ತ್ರಿ ಮಾಡಿ ಹರಿಯುವುದೋ, ಹರಿದು ಇಸ್ತ್ರಿ ಮಾಡುವುದೋ? ಲೋಕದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಗಳಿವೆ. ಆ ವಾರ ದೊಡ್ಡಳಿಯನಿಗೆ ಅವು ಒಂದೂ ನೆನಪಿರಲಿಲ್ಲ.

ಸೋಮವಾರವೇ ವಾದ್ಯದಂಗಡಿಗೆ ಹೋಗಿ ಅವೇ ಎರಡು ಪೆಡಲು ಕೊಂಡ. ಅಂಗಡಿಯವನನ್ನು ಕೇಳಿದ: "ಯಾವುದು ಮೊದಲು?"

"ಹಾಗೂ ಇಡ್ತಾರೆ, ಹೀಗೂ ಇಡ್ತಾರೆ. ಕಿವಿ ಹೇಳಿದ ಹಾಗೆ."

"ಯಾರ ಕಿವಿ?"

"ನಿಮ್ಮದು, ಸ್ವಾಮಿ. ಅದನ್ನ ನಾನು ಮಾರಲ್ಲ."

ಮನೆಗೆ ಬಂದಾಗ ಹೆಂಡತಿ ಸಮಸ್ಯೆಯನ್ನು ಅರ್ಧ ನಿಮಿಷದಲ್ಲಿ ಬಗೆಹರಿಸಿದಳು. "ತಂಗಿ ಗಂಡಂಗೆ ಒಂದು ಫೋನ್ ಮಾಡಿ ಕೇಳ್ರೀ. ಪಾಪ, ಹೇಳ್ತಾರೆ."

"ಕೇಳೋದಾ? ನಾನು? ಅವನ್ನ?"

"ಮತ್ತೆ ಅವರ ಮನೆ ಬಾಗಿಲಲ್ಲಿ ನಿಂತು ಮೂಸ್ತೀರಾ?"

ಅವಳು ತಮಾಷೆಗೆ ಅಂದದ್ದು. ಗಂಡ ಅದನ್ನು ಸಲಹೆ ಎಂದು ತೆಗೆದುಕೊಂಡ.

ಬುಧವಾರ ಮಧ್ಯಾಹ್ನ ಅತ್ತೆಯ ಕನ್ನಡಕದ ಮೂಗಿನ ಗುಂಡಿ ಬದಲಿಸುವ ನೆಪದಲ್ಲಿ ದೊಡ್ಡಳಿಯ ಚಿಕ್ಕಳಿಯನ ಮನೆಗೆ ಹೋದ. ಚಿಕ್ಕಳಿಯ ಯಾವುದೋ ಏಳನೆಯ ಮಹಡಿಯ ಲಿಫ್ಟಿನಲ್ಲಿ ಇರಬೇಕಾದ ಹೊತ್ತು. ಅತ್ತೆ ಕನ್ನಡಕ ಕಳಚಿಕೊಟ್ಟು, ಲೋಕವೆಲ್ಲ ಮಂಜಾಗಿ, ಜಗಲಿಯಲ್ಲಿ ಕೂತಳು. ದೊಡ್ಡಳಿಯ ಒಳಕೋಣೆಗೆ ನುಸುಳಿದ. ಗಿಟಾರು ಗೋಡೆಗೆ ಒರಗಿತ್ತು. ಅದರ ಮುಂದೆ ನೆಲದ ಮೇಲೆ ಒಂದು ಹಲಗೆ. ಹಲಗೆಯ ಮೇಲೆ ಮೂರು ವಸ್ತುಗಳು. ಎರಡು ಎಂದುಕೊಂಡಿದ್ದವನು ಮೂರು ಕಂಡು ಮತ್ತೊಮ್ಮೆ ಎಣಿಸಿದ. ಎಡಗಡೆ ಫಜ್, ಬಲಗಡೆ ಕಂಪ್ರೆಸರ್, ನಡುವೆ ಹಸಿರು ಬಣ್ಣದ ಒಂದು ಮುಚ್ಚಿದ ಡಬ್ಬಿ, ಹೆಸರಿಲ್ಲದ್ದು.

ಪೆಡಲುಗಳ ತಿರುಗಿಸುವ ಗುಂಡಿಗಳ ಮೇಲಿನ ಅಕ್ಷರ ಸಣ್ಣವು. ಓದಲು ಅವನು ಮೊದಲು ಬಗ್ಗಿದ, ಆಮೇಲೆ ಮೊಣಕಾಲೂರಿದ, ಕೊನೆಗೆ ಉದ್ದಕ್ಕೆ ಬೋರಲು ಮಲಗಿದ. ಕನ್ನಡಕದ ಚೀಟಿಯ ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಬರೆದುಕೊಂಡ: ಒಂದು, ಫಜ್. ಎರಡು, ಹಸಿರು ಡಬ್ಬಿ. ಮೂರು, ಕಂಪ್ರೆಸರ್.

ಇಲ್ಲಿ ಒಂದು ಮಾತು ಹೇಳಬೇಕು. ಇಂಥ ಪೆಡಲುಗಳಿಗೆ ತಂತಿ ಒಳಹೋಗುವುದು ಬಲಗಡೆಯಿಂದ, ಹೊರಬರುವುದು ಎಡಗಡೆಯಿಂದ. ಬಲದಲ್ಲಿರುವುದೇ ಮೊದಲನೆಯದು. ಎದುರು ಕೂತವರ ಬಲಗಣ್ಣು ತನ್ನ ಎಡಕ್ಕೆ ಬರುತ್ತದೆಂದು ಇಪ್ಪತ್ತು ವರ್ಷದಿಂದ ದಿನಕ್ಕೆ ಮೂವತ್ತು ಸಲ ನೆನಪಿಟ್ಟುಕೊಳ್ಳುವ ಮನುಷ್ಯನಿಗೆ ಇಷ್ಟು ಹೊಳೆಯಬೇಕಿತ್ತು. ಆದರೆ ಅಸೂಯೆಯ ಕಣ್ಣಿಗೆ ಸರಿಹೊಂದುವ ಗಾಜನ್ನು ಇನ್ನೂ ಯಾರೂ ಅರೆದಿಲ್ಲ.

ಅವನು ಬರೆದು ಮುಗಿಸುವುದಕ್ಕೂ ಕಣ್ಣ ಮುಂದೆ ಎರಡು ಬೂಟುಗಳು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಚಿಕ್ಕಳಿಯ ಮರೆತ ಸ್ಪ್ಯಾನರಿಗಾಗಿ ಮನೆಗೆ ಬಂದಿದ್ದ. ಅವನ ಹಿಂದೆಯೇ ಬಾಗಿಲು ತಡವಿಕೊಂಡು ಅತ್ತೆ. ಕನ್ನಡಕವಿಲ್ಲದ ಅತ್ತೆಗೆ ಕಂಡದ್ದು ಇಷ್ಟೇ: ಚಿಕ್ಕ ಅಳಿಯ ನಿಂತಿದ್ದಾನೆ, ದೊಡ್ಡ ಅಳಿಯ ಅವನ ಕಾಲಬಳಿ ಉದ್ದುದ್ದ ಬಿದ್ದಿದ್ದಾನೆ.

"ಅಯ್ಯೋ, ಏಳಿ ಅಳಿಯಂದ್ರೇ," ಎಂದಳು, ದನಿ ಒಡೆದು. "ವಯಸ್ಸಲ್ಲಿ ದೊಡ್ಡೋರು ನೀವು. ಹೊಟ್ಟೆಕಿಚ್ಚು ಯಾರಿಗಿಲ್ಲ? ಅದಕ್ಕೆ ಕಾಲಿಗೆ ಬೀಳೋದಾ?"

ದೊಡ್ಡಳಿಯ ಬಿದ್ದಲ್ಲೇ ಯೋಚಿಸಿದ. ಕದಿಯಲು ಬಂದೆ ಎನ್ನುವುದೋ, ಕಾಲಿಗೆ ಬಿದ್ದೆ ಎನ್ನುವುದೋ. ಚೀಟಿಯನ್ನು ಮೆಲ್ಲಗೆ ಅಂಗಿಯ ತೋಳಿನೊಳಗೆ ತಳ್ಳಿ, "ಮನಸ್ಸು ತಡೀಲಿಲ್ಲ," ಎಂದ.

ಚಿಕ್ಕಳಿಯ ಅವನನ್ನು ಎರಡೂ ಕೈಯಿಂದ ಎಬ್ಬಿಸಿ ಅಪ್ಪಿಕೊಂಡ. "ಅಣ್ಣಾ, ನಾನು ಭಾನುವಾರ ಬರೋದೇ ಇಲ್ಲ. ನೀವೇ ಬಾರಿಸಿ."

"ಬರಬೇಕು," ಎಂದ ದೊಡ್ಡಳಿಯ ಅಪ್ಪುಗೆಯೊಳಗಿಂದ. ಇವನನ್ನು ಎಲ್ಲರೆದುರು ಸೋಲಿಸದೆ ಸಿಕ್ಕಿದ ಸ್ಟೂಲು ಸ್ಟೂಲಲ್ಲ. "ನೀನು ಬರಲೇಬೇಕು."

ಸಂಜೆಯೊಳಗೆ ನೆಂಟರ ಬಳಗಕ್ಕೆಲ್ಲ ಸುದ್ದಿ ಮುಟ್ಟಿತು. ಹೆಂಡತಿಯ ಸೋದರಮಾವ ಫೋನ್ ಮಾಡಿದರು. ದೊಡ್ಡಳಿಯ ವಿನಯದಿಂದ ಗಂಟಲು ಸರಿಮಾಡಿಕೊಂಡು ಎತ್ತಿಕೊಂಡ.

"ಕೇಳಿದೆ ಕಣಪ್ಪ. ಎಂಥಾ ಮನಸ್ಸು."

"ಅಯ್ಯೋ, ಅದರಲ್ಲೇನಿದೆ, ಮಾವ."

"ಏನಿದೆ ಅಂತೀಯಲ್ಲ. ಬೇರೆ ಯಾರಾದ್ರೂ ಆಗಿದ್ರೆ ಬಿದ್ದೋನನ್ನ ಹಾಗೇ ಬಿಟ್ಟುಬಿಡ್ತಿದ್ರು. ಅವನು ನೋಡು, ಎತ್ತಿ ಅಪ್ಪಿಕೊಂಡನಂತೆ."

ಏಳು ಫೋನು ಬಂದವು. ಏಳರಲ್ಲೂ ಎತ್ತಿದವನಿಗೇ ಹೊಗಳಿಕೆ. ಬಿದ್ದವನ ಸೊಂಟ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ.

ಮರುದಿನ ದೊಡ್ಡಳಿಯ ಚೀಟಿ ನೋಡಿಕೊಂಡು ಸಾಲು ಜೋಡಿಸಿದ. ಎಡದ ಫಜ್‌ಗೆ ಮೊದಲು ತಂತಿ ಕೊಟ್ಟು ಬಲದ ಕಂಪ್ರೆಸರಿಗೆ ಎಳೆಯಲು ಹೋದರೆ ತಂತಿಗಳು ಒಂದರ ಮೇಲೊಂದು ಹಾದು ಕಗ್ಗಂಟಾದವು. ಅಡ್ಡದಾರಿ ಇದ್ದಲ್ಲೇ ಗುಟ್ಟು ಎಂದುಕೊಂಡ. ಚಿಕ್ಕಳಿಯನ ಗುಂಡಿಗಳು ಅರ್ಧಕ್ಕೆ ನಿಂತಿದ್ದವು. ಅದು ಜಿಪುಣತನ ಎಂದು ತನ್ನವನ್ನು ಪೂರ್ತಿ ತಿರುಗಿಸಿದ. ಪೇಟೆಯೆಲ್ಲ ಹುಡುಕಿ ತಂದ ಹಸಿರು ಡಬ್ಬಿಯನ್ನು ನಡುವೆ ಇಟ್ಟ.

"ಇದು ಸೋಪಿನ ಡಬ್ಬಿ ಕಣ್ರೀ," ಎಂದಳು ಹೆಂಡತಿ.

"ಗೊತ್ತು."

"ಇದ್ಯಾಕೆ ಇಲ್ಲಿ?"

"ಅವನು ಸುಮ್ಮಸುಮ್ಮನೆ ಇಡೋ ಪೈಕಿ ಅಲ್ಲ."

ನುಡಿಸಿದ. ದನಿ ಗೋಡೆಯಂತೆ ಚಪ್ಪಟೆಯಾಗಿ ಹೊರಟಿತು. ನಿಲ್ಲಿಸಿದ. ಆಗ ನಿಲ್ಲಿಸಿದ ಜಾಗದಿಂದ ಒಂದು ಗುಂಯ್ ಎನ್ನುವ ಸದ್ದು ಮೆಲ್ಲಗೆ ಎದ್ದು, ಬೆಳೆದು, ಕೋಣೆ ತುಂಬಿತು. ಮುಟ್ಟಿದರೆ ತಗ್ಗುತ್ತದೆ, ಬಿಟ್ಟರೆ ಏರುತ್ತದೆ. ಒರಟಾದದ್ದನ್ನು ಕಂಪ್ರೆಸರ್ ಹಿಂದಿನಿಂದ ಎತ್ತಿ ಎತ್ತಿ ಕೊಡುತ್ತಿತ್ತು. ಅತ್ತೆ ಹೇಳಿದ ಕಂಬಳಿ ಇದೇ ಎಂದು ದೊಡ್ಡಳಿಯ ನಂಬಿದ.

ಕೆಳಮನೆಯ ನಿವೃತ್ತ ಟೈಪಿಸ್ಟಮ್ಮ ಒಂದು ದಿನ ತಾಳಿ, ಎರಡನೆಯ ದಿನ ಮೂರು ಪ್ರತಿಯಲ್ಲಿ ದೂರು ಹೊಡೆದು ನಗರಸಭೆಗೆ ಕೊಟ್ಟರು. ಶನಿವಾರ ಬೆಳಿಗ್ಗೆ ಶಬ್ದ ಅಳೆಯುವ ಅಧಿಕಾರಿ ಮೀಟರು ಹಿಡಿದು ಬಂದರು, ಹಿಂದೆ ಟೈಪಿಸ್ಟಮ್ಮ.

"ಬಾರಿಸಿ," ಎಂದರು ಅಧಿಕಾರಿ.

ದೊಡ್ಡಳಿಯ ನುಡಿಸಿದ. ಅಧಿಕಾರಿ ಮುಳ್ಳನ್ನೇ ನೋಡುತ್ತ ನಿಂತರು. "ಈಗ ಜೋರಾಗಿ." ಮುಳ್ಳು ಅಲ್ಲಾಡಲಿಲ್ಲ. "ಈಗ ಮೆಲ್ಲಗೆ." ಅಲ್ಲಾಡಲಿಲ್ಲ. "ಸಾಕು, ನಿಲ್ಲಿಸಿ. ನಿಲ್ಲಿಸಿ ಅಂದೆ."

"ಆಗಲೇ ನಿಲ್ಲಿಸಿದೀನಿ, ಸಾರ್."

ಅಧಿಕಾರಿ ಮೀಟರಿಗೆ ಎರಡು ಸಲ ಬೆರಳಿಂದ ಬಡಿದರು. ಆಮೇಲೆ ಟೋಪಿ ತೆಗೆದು ಕೂತರು. "ಹದಿನಾರು ವರ್ಷ ಸರ್ವೀಸು ನಂದು. ಮದುವೆಮನೆ ನೋಡಿದೀನಿ, ಗಿರಣಿ ನೋಡಿದೀನಿ. ಏರೋದೂ ಇಲ್ಲ, ಇಳಿಯೋದೂ ಇಲ್ಲ, ಇಂಥಾ ಶಿಸ್ತಿನ ಶಬ್ದ ನೋಡಿಲ್ಲ."

"ಅದು ಹೊಗಳಿಕೆಯಾ, ದೂರಾ?" ಎಂದರು ಟೈಪಿಸ್ಟಮ್ಮ.

"ಮಿತಿ ದಾಟಿಲ್ಲ, ಅಮ್ಮ. ಮಿತಿಯ ಮೇಲೇ ಕೂತಿದೆ."

"ನನ್ನ ತಲೆ ಮೇಲೆ ಕೂತಿದೆ."

"ಅದಕ್ಕೆ ಕಾಲಂ ಇಲ್ಲ," ಎಂದು ಅಧಿಕಾರಿ ಬರೆದುಕೊಂಡು ಹೊರಟರು. ದೊಡ್ಡಳಿಯ ಅವರನ್ನು ಮೆಟ್ಟಿಲವರೆಗೂ ಕಳಿಸಿಕೊಟ್ಟು ಬಂದು ಹೆಂಡತಿಗೆ ಹೇಳಿದ: "ಸರ್ಕಾರವೇ ಒಪ್ಪಿದೆ."

ಭಾನುವಾರ ಬಂತು. ಅತ್ತೆ, ಅಕ್ಕತಂಗಿಯರು ರೋಗಿಗಳ ಕುರ್ಚಿಗಳಲ್ಲಿ ಕೂತರು. ಕೆನ್ನೆ ಊದಿಸಿಕೊಂಡು ಬಂದ ನಿಜವಾದ ರೋಗಿ ಒಬ್ಬರೂ ಇದ್ದರು. ಡಾಕ್ಟರು ಅವರಿಗೆ, "ಎರಡು ಹಾಡು ತಡ್ಕೊಳ್ಳಿ," ಎಂದು ಡ್ರಮ್ಮಿನ ಹಿಂದೆ ಹೋದರು.

ಚಿಕ್ಕಳಿಯ ಮೊದಲು ನುಡಿಸಿದ. ಡಾಕ್ಟರ ಆಂಪ್ಲಿಫೈಯರಿನಿಂದ ದನಿ ಹೊರಟು ಮೀನಿನ ತೊಟ್ಟಿಯ ನೀರಿನಲ್ಲಿ ಬಳೆಯಂಥ ಸಣ್ಣ ಅಲೆಗಳನ್ನು ಎಬ್ಬಿಸಿತು. ಕೆನ್ನೆ ಊದಿದವರು ಕೈಯನ್ನು ಕೆನ್ನೆಯಿಂದ ತೆಗೆದರು.

ಆಮೇಲೆ ದೊಡ್ಡಳಿಯ. ಅರ್ಧ ಹಾಡಿನವರೆಗೆ ನರ್ಸಿನ ದನಿ ಅವನ ಬಾಸಿನ ಮೇಲೆ ಜಾರಿ ಜಾರಿ ಬೀಳುತ್ತಿತ್ತು. ಹಾಡಿನ ನಡುವೆ ಒಂದು ಮೌನವಿದೆ. ಎಲ್ಲರೂ ನಾಲ್ಕು ಎಣಿಕೆ ನಿಲ್ಲಬೇಕು. ನಿಂತರು. ಆ ಮೌನದಲ್ಲಿ ಗುಂಯ್ ಎದ್ದಿತು. ಎರಡನೆಯ ಎಣಿಕೆಗೆ ಅದು ಹಲ್ಲು ಕೊರೆಯುವ ಯಂತ್ರದ್ದೇ ದನಿಯಾಯಿತು. ಕೆನ್ನೆ ಊದಿದವರು ತಮಗೆ ತಿಳಿಯದಂತೆ ತಲೆಯನ್ನು ಹಿಂದಕ್ಕೆ ಚಾಚಿ ಬಾಯಿ ತೆರೆದರು. ನರ್ಸು ಅಭ್ಯಾಸಬಲದಿಂದ ಹಾಡು ಬಿಟ್ಟು ಅವರ ಕಡೆ ಹತ್ತಿ ಹಿಡಿದು ಹೊರಟಳು.

ಡಾಕ್ಟರು ಕೋಲು ಕೆಳಗಿಟ್ಟರು. "ಇದೇನ್ರೀ ಇದು?"

ಚಿಕ್ಕಳಿಯ ಎದ್ದು ಬಂದು ಪೆಡಲುಗಳ ಮುಂದೆ ಕೂತು ನೋಡಿದ. ಬಹಳ ಹೊತ್ತು ನೋಡಿದ. "ಅಣ್ಣಾ," ಎಂದ ಮೆಲ್ಲಗೆ, "ಈ ಸೋಪಿನ ಡಬ್ಬಿ?"

"ನಿನ್ನದರಲ್ಲಿ ಇದೆಯಲ್ಲ."

"ಅದರಲ್ಲಿ ನಾನು ಹಳೇ ಬ್ಯಾಟರಿ ಹಾಕಿಡ್ತೀನಿ."

 ಅತ್ತೆ, ಈ ಸಲ ಕನ್ನಡಕ ಹಾಕಿಕೊಂಡೇ ಇದ್ದವಳು, ನಿಧಾನವಾಗಿ ಕೇಳಿದಳು: "ಅಂದ್ರೆ ಅವತ್ತು ನೀವು ಕಾಲಿಗೆ ಬಿದ್ದಿದ್ದಲ್ವಾ?"

"ಬಿದ್ದಿದ್ದು ನಿಜ, ಅತ್ತೆ," ಎಂದ ದೊಡ್ಡಳಿಯ. "ಕಾಲು ಆಮೇಲೆ ಬಂತು."

ನಗದೆ ಉಳಿದವನು ಚಿಕ್ಕಳಿಯ ಒಬ್ಬನೇ. ಅವನು ತಂತಿಗಳನ್ನು ಬಿಚ್ಚಿ, "ಬಲಗಡೆಯಿಂದ ಓದಬೇಕು, ಅಣ್ಣ. ಮೊದಲು ಕಂಪ್ರೆಸರ್, ಆಮೇಲೆ ಫಜ್. ಸಮ ಮಾಡಿ ಕೊಟ್ರೆ ಅದು ಹದವಾಗಿ ಹರಿಯುತ್ತೆ," ಎಂದು ಜೋಡಿಸಿದ. ಗುಂಡಿಗಳನ್ನು ಅರ್ಧಕ್ಕೆ ಇಳಿಸಿದ. ಸೋಪಿನ ಡಬ್ಬಿಯನ್ನು ಯಾರಿಗೂ ಕಾಣದಂತೆ ಕುರ್ಚಿಯ ಕೆಳಗೆ ಸರಿಸಿದ. "ಈಗ ಬಾರಿಸಿ."

ದೊಡ್ಡಳಿಯ ಬಾರಿಸಿದ. ದೇವರು ಕೊಡುವಾಗ ಅರ್ಹತೆ ನೋಡುವುದಿಲ್ಲ ಎನ್ನುತ್ತಾರಲ್ಲ, ಹಾಗೆ ಬಂತು ದನಿ. ಹನ್ನೊಂದು ವರ್ಷ ಬೆರಳಲ್ಲಿ ಕೂತಿದ್ದ ಹಾಡು ಮೊದಲ ಸಲ ಬಾಗಿಲು ತೆರೆದು ಹೊರಗೆ ಬಂದಿತು. ನರ್ಸು ಕಣ್ಣು ಮುಚ್ಚಿ ಹಾಡಿದಳು.

"ಸರಿ ಹಾಗಾದ್ರೆ," ಎಂದರು ಡಾಕ್ಟರು. "ಇಷ್ಟು ವರ್ಷ ಎಲ್ಲಿ ಇಟ್ಟಿದ್ರಿ ಇದನ್ನ? ಪುರಭವನಕ್ಕೆ ನೀವೇ."

"ನಾನೂ ಅದನ್ನೇ ಹೇಳ್ತಿದ್ದೆ," ಎಂದ ಚಿಕ್ಕಳಿಯ, ನಿಜವಾದ ಸಂತೋಷದಿಂದ.

ಇಲ್ಲಿಗೆ ಕಥೆ ಮುಗಿದು ಎಲ್ಲರೂ ಸುಖವಾಗಿರಬಹುದಿತ್ತು. ಬೇಕಾದ ಸ್ಟೂಲು ಸಿಕ್ಕಿತ್ತು. ಆದರೆ ಆ ವಾರವೆಲ್ಲ ದೊಡ್ಡಳಿಯನಿಗೆ ಕೇಳಿಸಿದ ಮಾತು ಒಂದೇ. "ತನ್ನ ಗುಟ್ಟು ತಾನೇ ಬಿಟ್ಟುಕೊಟ್ಟನಂತಲ್ಲ, ಗೆದ್ದಿದ್ದ ಜಾಗ ಕೊಟ್ಟನಂತಲ್ಲ" ಎಂದು ಸೋದರಮಾವ. "ಅಂಥವರು ನಮ್ಮ ಮೇಲಿನ ಮನೆಯಲ್ಲಿರಬೇಕಿತ್ತು" ಎಂದು ಟೈಪಿಸ್ಟಮ್ಮ. ಅಂಗಡಿಗೆ ಗಾಜು ಬದಲಿಸಲು ಬಂದ ಕೆನ್ನೆ ಊದಿದವರು, ಊತ ಇಳಿದಿದ್ದರೂ, ಹೇಳಿದರು: "ನಿಮ್ಮ ಷಡ್ಡಕರು ಮನುಷ್ಯರಲ್ಲ ಬಿಡಿ, ದೇವರು. ನನ್ನ ಎಡಗಣ್ಣು ಸ್ವಲ್ಪ ಮಂಜು."

ಗುರುವಾರದ ಹೊತ್ತಿಗೆ ದೊಡ್ಡಳಿಯನಿಗೆ ಅನ್ನ ಇಳಿಯದಾಯಿತು. ಸ್ಟೂಲು ಇವನದಾಗಿತ್ತು. ದೊಡ್ಡ ಮನಸ್ಸು ಅವನದಾಗಿತ್ತು. "ದೊಡ್ಡವನು ನಾನು," ಎಂದ ಹೆಂಡತಿಗೆ, "ದೊಡ್ಡ ಮನಸ್ಸು ಅವನಿಗೆ ಹ್ಯಾಗೆ ಹೋಯ್ತು?"

"ಅವರು ಕೇಳಿ ಇಸ್ಕೊಂಡಿಲ್ಲ ಕಣ್ರೀ."

ಶುಕ್ರವಾರ ಅಂಗಡಿಯಿಂದ ನೇರ ಆಸ್ಪತ್ರೆಗೆ ಹೋದ. ಡಾಕ್ಟರ ಎರಡು ಬೆರಳು ಒಬ್ಬರ ಬಾಯೊಳಗಿದ್ದವು. ದೊಡ್ಡಳಿಯ ಬಾಗಿಲಲ್ಲೇ ನಿಂತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಹೇಳಿದ: "ಡಾಕ್ಟ್ರೇ, ಆ ಜಾಗ ನ್ಯಾಯವಾಗಿ ನನ್ನ ತಮ್ಮನಿಗೆ ಸೇರಿದ್ದು. ನಾನು ಬಿಟ್ಟುಕೊಡ್ತಿದೀನಿ." ಮುಂದೆ ಡಾಕ್ಟರು ಬೇಡ ಎನ್ನಬೇಕು, ಇವನು ಇಲ್ಲ ಎನ್ನಬೇಕು, ಅವರು ಕೈಹಿಡಿಯಬೇಕು, ಇವನು ಬಿಡಿಸಿಕೊಳ್ಳಬೇಕು, ಮೂರನೆಯ ಸಲಕ್ಕೆ ಒಲ್ಲದ ಮನಸ್ಸಿನಿಂದ ಒಪ್ಪಿಕೊಳ್ಳಬೇಕು. ಎಲ್ಲ ತಯಾರಾಗಿತ್ತು.

"ಆಗಲಿ," ಎಂದರು ಡಾಕ್ಟರು. ರೋಗಿಗೆ, "ಉಗುಳಿ," ಎಂದರು.

ಅವನು ಇನ್ನೊಂದು ನಿಮಿಷ ಅಲ್ಲೇ ನಿಂತ. ರೋಗಿ ಉಗುಳಿದರು. ಬೇರೇನೂ ಆಗಲಿಲ್ಲ.

ಸುದ್ದಿ ಕೇಳಿ ಅತ್ತೆ ಮನೆಗೇ ಬಂದಳು. ದೊಡ್ಡಳಿಯ ಕುರ್ಚಿ ಒರೆಸಿ ಕೂರಿಸಿ, ಎದುರು ಕೈಕಟ್ಟಿ ನಿಂತ.

"ಏನು ಕೆಲಸ ಮಾಡಿಟ್ರಿ ಅಳಿಯಂದ್ರೇ," ಎಂದಳು ಅತ್ತೆ. "ಪಾಪ, ಚಿಕ್ಕ ಅಳಿಯಂದ್ರು ಆ ದಿನ ದೊಡ್ಡಾಸ್ಪತ್ರೆಯ ಲಿಫ್ಟು ನೋಡೋಕೆ ಒಪ್ಕೊಂಡಿದ್ರು. ಈಗ ರಜಾ ಹಾಕ್ಬೇಕು. ಆದ್ರೂ ಒಂದು ಮಾತಾಡಲಿಲ್ಲ ನೋಡಿ. ಅಣ್ಣ ಹಾಕಿದ ಹೊರೆ, ಹೊರ್ತೀನಿ ಅಂದ್ರು."

ಪುರಭವನದ ಕಾರ್ಯಕ್ರಮ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ದೊಡ್ಡಳಿಯ ಒಂಬತ್ತಕ್ಕೇ ಹೋಗಿ ಮುಂದಿನ ಸಾಲಿನ ನಡುವಿನ ಕುರ್ಚಿ ಹಿಡಿದ, ತನ್ನ ಮನಸ್ಸಿನ ಗಾತ್ರ ಎಲ್ಲ ಕಡೆಯಿಂದಲೂ ಕಾಣುವ ಹಾಗೆ. ವೇದಿಕೆಯ ಮೇಲೆ ಚಿಕ್ಕಳಿಯ ಸ್ಟೂಲಿನ ಮೇಲೆ ಕೂತ. ದನಿ ಹೊರಟಿತು. ಜನ ಕದಲದೆ ಕೂತರು. ದೊಡ್ಡಳಿಯ ಪ್ರತಿ ಹಾಡಿಗೂ ಎಲ್ಲರಿಗಿಂತ ಮೊದಲು ಚಪ್ಪಾಳೆ ಶುರುಮಾಡಿ ಎಲ್ಲರ ನಂತರ ನಿಲ್ಲಿಸಿದ. ಅವನ ಬಲಗಡೆ ಯಾರೋ ಅಪರಿಚಿತರು, ದಪ್ಪನೆಯವರು, ಕೈಯನ್ನು ಹೊಟ್ಟೆಯ ಮೇಲಿಟ್ಟು ಕೂತಿದ್ದರು.

ಮುಗಿದ ಮೇಲೆ ಜನವೆಲ್ಲ ವೇದಿಕೆಯ ಕಡೆ ನುಗ್ಗಿತು. ಅತ್ತೆ ಮಾತ್ರ ಜನದ ವಿರುದ್ಧ ನಡೆದು ದೊಡ್ಡಳಿಯನ ಬಳಿ ಬಂದಳು. ಅವನ ಅಂಗೈಗಳು ಚಪ್ಪಾಳೆಯಿಂದ ಕೆಂಪಾಗಿದ್ದವು. ಅತ್ತೆ ಅದನ್ನು ನೋಡಿದಳು. "ನೀವು ಚೆನ್ನಾಗಿ ಕೇಳಿದ್ರಿ, ಅಳಿಯಂದ್ರೇ," ಎಂದಳು.

ಎರಡು ವರ್ಷದಲ್ಲಿ ಅತ್ತೆಯಿಂದ ಮೊದಲ ಹೊಗಳಿಕೆ. ದೊಡ್ಡಳಿಯ ಎದ್ದು ಕೈಮುಗಿದ.

"ನಿಮ್ಮ ಪಕ್ಕದವರು ಇನ್ನೂ ಚೆನ್ನಾಗಿ ಕೇಳಿದ್ರು," ಎಂದು ಅತ್ತೆ ಮುಂದುವರಿಸಿದಳು. "ಕಣ್ಣು ಮುಚ್ಚಿ, ತಲೆ ವಾಲಿಸಿ, ಪೂರ್ತಿ ಕರಗಿಹೋಗಿದ್ರು. ಹಾಗೆ ಕೇಳೋಕೆ ಎಲ್ಲರಿಗೂ ಬರಲ್ಲ."

ಮನೆಯ ದಾರಿಯಲ್ಲಿ ದೊಡ್ಡಳಿಯ ತನ್ನ ಕೆಂಪು ಅಂಗೈಗಳನ್ನೇ ನೋಡಿಕೊಳ್ಳುತ್ತ ನಡೆದ. ಹೆಂಡತಿಗೆ ಮರುಕ ಹುಟ್ಟಿತು.

"ಅಮ್ಮನ ಮಾತು ತಲೇಲಿ ಇಟ್ಕೊಬೇಡಿ," ಎಂದಳು. "ಆ ಪಕ್ಕದವರು ಕೇಳ್ತಾ ಇರಲಿಲ್ಲ. ಮೊದಲನೇ ಹಾಡಿಂದ ನಿದ್ದೆ ಮಾಡ್ತಿದ್ರು."

ದೊಡ್ಡಳಿಯ ನಿಂತ. ಹಿಂತಿರುಗಿ ಪುರಭವನದ ಕಡೆ ಒಮ್ಮೆ ನೋಡಿದ.

"ಮಾಡಲಿ," ಎಂದ. "ಆದ್ರೆ ಎಷ್ಟು ಚೆನ್ನಾಗಿ ಮಾಡ್ತಿದ್ದ, ನೋಡಿದ್ಯಾ?"